ಮಾತಿಗೂ ಟಾಲರೆನ್ಸ್ ಬೇಕು: ಸಣ್ಣ ಕಾರ್ಖಾನೆಯವರಿಗೆ ವ್ಯವಹಾರ ಸಂವಹನದ ಸಮಗ್ರ ಮಾರ್ಗದರ್ಶಿ

ಡ್ರಾಯಿಂಗ್‌ನಲ್ಲಿ ಶಾಫ್ಟ್‌ನ (ಯಂತ್ರದಲ್ಲಿ ತಿರುಗುವ ದಂಡದ) ವ್ಯಾಸ 25 ಮಿಲಿಮೀಟರ್ ಎಂದಿದ್ದರೆ ಅದನ್ನು ನಮ್ಮಲ್ಲಿ ಯಾರೂ ‘ಸುಮಾರು 25’ ಎಂದು ಓದುವುದಿಲ್ಲ. ಪಕ್ಕದಲ್ಲಿ ಟಾಲರೆನ್ಸ್, ಅಂದರೆ ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂಬುದು, ಹೆಚ್ಚು–ಕಡಿಮೆ 0.02 ಎಂದು ಬರೆದಿರುತ್ತದೆ. 24.98ಕ್ಕಿಂತ ಕೆಳಗೆ ಹೋದದ್ದು ಗುಜರಿಗೆ, 25.02 ದಾಟಿದ್ದು ಮತ್ತೆ ಗ್ರೈಂಡಿಂಗ್‌ಗೆ. ಹೊಸದಾಗಿ ಸೇರಿದ ಐಟಿಐ ಹುಡುಗನಿಗೂ ಇದು ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಆದರೆ ಅದೇ ಕಾರ್ಖಾನೆಯ ಮಾಲೀಕರು ಸಂಜೆ ಫೋನ್ ಎತ್ತಿ, ‘ಆದಷ್ಟು ಬೇಗ ಕಳಿಸುತ್ತೇವೆ ಸರ್’ ಎನ್ನುತ್ತಾರೆ. ಬೇಗ ಎಂದರೆ ನಾಳೆಯೋ, ಮುಂದಿನ ವಾರವೋ? ಆ ಮಾತಿಗೆ ಅಳತೆಯೂ ಇಲ್ಲ, ಟಾಲರೆನ್ಸೂ ಇಲ್ಲ.

ಬೆಂಗಳೂರಿನ ಪೀಣ್ಯದಲ್ಲಿ ಜಾಬ್ ವರ್ಕ್ (ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಕೆಲಸ) ಆರಂಭಿಸಿದ ಮೊದಲ ವರ್ಷಗಳಲ್ಲಿ ಪಂಪ್ ತಯಾರಿಸುವ ಕಂಪನಿಯೊಂದರಿಂದ ನನಗೆ ನಾಲ್ಕು ಬಿಡಿಭಾಗಗಳಿಗೆ ದರ ಕೇಳುವ ವಿಚಾರಣೆ ಬಂದಿತ್ತು. ‘ಮಾಡಿಕೊಡುತ್ತೇವೆ, ದರ ಇಷ್ಟು’ ಎಂದು ಎರಡು ಸಾಲಿನ ಉತ್ತರ ಕಳಿಸಿದೆ. ಆರ್ಡರ್ ಎರಡು ರಸ್ತೆ ಆಚೆಗಿನ ಇನ್ನೊಂದು ಘಟಕಕ್ಕೆ ಹೋಯಿತು, ಅದೂ ನನಗಿಂತ ಹೆಚ್ಚಿನ ದರಕ್ಕೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕೆಲವು ತಿಂಗಳ ನಂತರ ಆ ಕಂಪನಿಯ ಖರೀದಿ ಅಧಿಕಾರಿ ಸಿಕ್ಕಾಗ ಕಾರಣ ಕೇಳಿದೆ. ಆ ಘಟಕದವರು ಯಾವ ಕೆಲಸ ಹೊರಗೆ ಹೋಗುತ್ತದೆ, ಯಾವ ಅಳತೆ ಕಷ್ಟದ್ದು, ಎಷ್ಟು ದಿನ ಬೇಕು ಎಂದೆಲ್ಲ ಬರೆದಿದ್ದರಂತೆ. ‘ನಿಮ್ಮ ದರ ಕಡಿಮೆಯೇ ಇತ್ತು. ಆದರೆ ನಿಮಗೆ ಆರ್ಡರ್ ಕೊಟ್ಟಿದ್ದರೆ ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ’ ಎಂದರು.

ವ್ಯವಹಾರದ ಮಾತು ಎಂದರೆ ಏನೆಂದು ನನಗೆ ಅಂದು ಅರ್ಥವಾಯಿತು. ಎದುರಿನವರ ಆತಂಕವನ್ನು ಅಳತೆಯ ಮಾತುಗಳಿಂದ ಇಳಿಸುವ ಕೆಲಸ ಅದು. ಚೆನ್ನಾಗಿ ಇಂಗ್ಲಿಷ್ ಬರುವುದು, ವೇದಿಕೆಯ ಮೇಲೆ ನಡುಗದಿರುವುದು, ನಗುಮುಖ ಇವೆಲ್ಲ ಅದರ ನಂತರದ ವಿಷಯಗಳು. ಪೀಣ್ಯ, ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗಗಳಲ್ಲಿ ಐದು–ಹತ್ತು ಯಂತ್ರ ಇಟ್ಟುಕೊಂಡು ದುಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೇರೆ ಕಸುಬಿನವರು ಶಾಫ್ಟ್ ಎಂದಿರುವಲ್ಲಿ ತಮ್ಮ ಸರಕಿನ ಹೆಸರು ಹಾಕಿಕೊಂಡು ಓದಬಹುದು.

ಹಂತ 1: ಮೊದಲು ನಿಮ್ಮ ಹಳೆಯ ಪತ್ರಗಳನ್ನು ಅಳೆಯಿರಿ

ಒಂದು ಭಾನುವಾರ ಬೆಳಿಗ್ಗೆ ಕುಳಿತು ನೀವು ಗ್ರಾಹಕರಿಗೆ ಕಳಿಸಿದ ಕೊನೆಯ ಇಪ್ಪತ್ತು ಇಮೇಲ್‌ಗಳನ್ನೂ ಇಪ್ಪತ್ತು ವಾಟ್ಸ್ಆ್ಯಪ್ ಸಂದೇಶಗಳನ್ನೂ ತೆರೆಯಿರಿ. ‘ಬೇಗ’, ‘ಸುಮಾರು’, ‘ಒಂದೆರಡು ದಿನ’, ‘ನೋಡೋಣ’, ‘ಪ್ರಯತ್ನಿಸುತ್ತೇವೆ’, ‘ಆಗುತ್ತದೆ’ ಎಂಬ ಪದಗಳು ಬಂದಲ್ಲೆಲ್ಲ ಕೆಂಪು ಗುರುತು ಹಾಕಿ. ನಂತರ ಪ್ರತಿ ಸಂದೇಶಕ್ಕೂ ಒಂದು ಪ್ರಶ್ನೆ ಕೇಳಿ: ಇದನ್ನು ಓದಿದ ಮೇಲೆ ಆ ವ್ಯಕ್ತಿ ನನಗೆ ಮತ್ತೆ ಫೋನ್ ಮಾಡಿ ಕೇಳಬೇಕಾಯಿತೇ? ಕೇಳಬೇಕಾಗಿದ್ದರೆ ಆ ಸಂದೇಶ ರಿಜೆಕ್ಟ್.

ನಾನು ಮೊದಲ ಸಲ ಹೀಗೆ ಮಾಡಿದಾಗ ನಲವತ್ತರಲ್ಲಿ ಇಪ್ಪತ್ತಾರು ರಿಜೆಕ್ಟ್ ಆದವು. ಯಂತ್ರದ ಮೇಲೆ ಇಂಥ ಪ್ರಮಾಣ ಬಂದಿದ್ದರೆ ಶಿಫ್ಟ್ ನಿಲ್ಲಿಸುತ್ತಿದ್ದೆ. ಈ ಎಣಿಕೆಯನ್ನು ಬಿಟ್ಟು ಮುಂದಿನ ಹಂತಕ್ಕೆ ಹಾರಬೇಡಿ. ತರಬೇತಿ ಕೊಡುವವರು ಸಾಮಾನ್ಯವಾಗಿ ಆತ್ಮವಿಶ್ವಾಸದಿಂದ ಶುರು ಮಾಡುತ್ತಾರೆ. ನನ್ನ ಅನುಭವದಲ್ಲಿ ಆತ್ಮವಿಶ್ವಾಸ ತಪ್ಪುಗಳು ಕಡಿಮೆಯಾದ ಮೇಲೆ ತಾನೇ ಬರುತ್ತದೆ.

ಹಂತ 2: ಪರಿಚಯಕ್ಕೆ ಮೂರು ವಾಕ್ಯ ಸಿದ್ಧವಾಗಿರಲಿ

‘ಎಲ್ಲ ಬಗೆಯ ಮಷೀನಿಂಗ್ ಕೆಲಸ ಮಾಡಿಕೊಡಲಾಗುವುದು’ ಎಂಬ ಫಲಕ ಪೀಣ್ಯದ ಪ್ರತಿ ಅಡ್ಡರಸ್ತೆಯಲ್ಲೂ ಇದೆ. ಎಲ್ಲವನ್ನೂ ಮಾಡುವವನನ್ನು ಯಾವ ಕೆಲಸಕ್ಕೂ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಏನು ಮಾಡುತ್ತೀರಿ, ಯಾರಿಗೆ ಮಾಡುತ್ತೀರಿ, ಯಾವ ಕೆಲಸ ಬಂದರೆ ನಿಮ್ಮನ್ನೇ ಹುಡುಕಬೇಕು ಎಂಬ ಮೂರನ್ನು ಮೂರು ವಾಕ್ಯದಲ್ಲಿ ಬರೆಯಿರಿ.

‘ನಾವು 10ರಿಂದ 60 ಮಿಲಿಮೀಟರ್ ವ್ಯಾಸದ ಉಕ್ಕಿನ ಶಾಫ್ಟ್‌ಗಳನ್ನು ಸಿಎನ್‌ಸಿಯಲ್ಲಿ ತಿರುವಿ, ಗ್ರೈಂಡ್ ಮಾಡಿ ಕೊಡುತ್ತೇವೆ. ಪಂಪ್ ಮತ್ತು ಗೇರ್‌ಬಾಕ್ಸ್ ತಯಾರಕರು ನಮ್ಮ ಗ್ರಾಹಕರು. ಉದ್ದನೆಯ ಶಾಫ್ಟ್ ಬಾಗಿ ರಿಜೆಕ್ಟ್ ಆಗುತ್ತಿದ್ದರೆ ನಮಗೆ ಹೇಳಿ.’ ಇಷ್ಟು ಸಾಕು. ಮೂರನೆಯ ವಾಕ್ಯಕ್ಕೆ ಹೆಚ್ಚು ಶಕ್ತಿ ಇದೆ, ಏಕೆಂದರೆ ಕೇಳಿದವರು ತಲೆಯಲ್ಲಿ ಹೊತ್ತೊಯ್ಯುವುದು ಅವರಿಗೆ ಗೊತ್ತಿರುವ ತೊಂದರೆಯನ್ನು. ಬಾಗಿದ ಶಾಫ್ಟ್ ಕಂಡ ದಿನ ನಿಮ್ಮ ನೆನಪಾಗುತ್ತದೆ. ಇದನ್ನು ಕನ್ನಡ, ಇಂಗ್ಲಿಷ್, ಹಿಂದಿ ಮೂರರಲ್ಲೂ ಬಾಯಿಪಾಠ ಮಾಡಿಕೊಳ್ಳಿ.

ಹಂತ 3: ವಿಚಾರಣೆಗೆ ಉತ್ತರ ಮತ್ತು ಕೊಟೇಶನ್

ಹೆಚ್ಚಿನ ಆರ್ಡರ್‌ಗಳು ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ವಿಚಾರಣೆ ಬಂದ ದಿನವೇ ತಲುಪಿದೆ ಎಂದು ತಿಳಿಸಿ, ಯಾವ ದಿನ ದರ ಕಳಿಸುತ್ತೀರಿ ಎಂಬುದನ್ನೂ ಬರೆಯಿರಿ. ದರ ಲೆಕ್ಕ ಹಾಕಲು ಮೂರು ದಿನ ಬೇಕಾದರೆ ಯಾರೂ ಬೇಸರಪಡುವುದಿಲ್ಲ. ಮೂರು ದಿನ ಸುಮ್ಮನಿದ್ದರೆ ಬೇಸರಪಡುತ್ತಾರೆ. ಆಮೇಲೆ ಡ್ರಾಯಿಂಗ್ ಮುಂದಿಟ್ಟುಕೊಂಡು ಅನುಮಾನಗಳನ್ನು ಪಟ್ಟಿ ಮಾಡಿ: ಉಕ್ಕಿನ ದರ್ಜೆ, ವರ್ಷಕ್ಕೆ ಬೇಕಾಗುವ ಸಂಖ್ಯೆ, ಒಂದು ಲಾಟ್‌ನ ಗಾತ್ರ, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ತಪಾಸಣಾ ವರದಿ, ಪ್ಯಾಕಿಂಗ್, ಸಾಗಣೆ ಯಾರ ಲೆಕ್ಕಕ್ಕೆ. ಪ್ರಶ್ನೆ ಕೇಳಿದರೆ ನಮಗೆ ಗೊತ್ತಿಲ್ಲ ಎಂದುಕೊಂಡಾರು ಎಂಬ ಸಂಕೋಚ ನಮ್ಮಲ್ಲಿ ಆಳವಾಗಿದೆ. ವಾಸ್ತವದಲ್ಲಿ ಒಳ್ಳೆಯ ಪ್ರಶ್ನೆಯನ್ನು ಓದಿದ ಎಂಜಿನಿಯರ್‌ಗೆ ‘ಇವರು ಡ್ರಾಯಿಂಗ್ ಓದಿದ್ದಾರೆ’ ಎಂಬ ಸಮಾಧಾನವಾಗುತ್ತದೆ.

ಇಮೇಲ್‌ನ ವಿಷಯದ ಸಾಲಿನಲ್ಲಿ ‘ಕೊಟೇಶನ್’ ಎಂಬ ಒಂದೇ ಪದ ಹಾಕಬೇಡಿ. ಆರು ತಿಂಗಳ ನಂತರ ಹುಡುಕಿದರೂ ಸಿಗುವಂತೆ, ಡ್ರಾಯಿಂಗ್ ಸಂಖ್ಯೆ ಮತ್ತು ರಿವಿಷನ್ (ತಿದ್ದಿದ ಆವೃತ್ತಿ) ಹಾಕಿ ಬರೆಯಿರಿ: ‘ಪಂಪ್ ಶಾಫ್ಟ್, ಡ್ರಾಯಿಂಗ್ 4417, ರಿವಿಷನ್ ಬಿ: ದರ ಮತ್ತು ಎರಡು ಪ್ರಶ್ನೆಗಳು’. ಒಳಗಿನ ಒಕ್ಕಣೆ ಹೀಗಿರಬಹುದು:

‘ಜೂನ್ 3ರ ನಿಮ್ಮ ವಿಚಾರಣೆಗೆ ಕೊಟೇಶನ್ ಲಗತ್ತಿಸಿದ್ದೇವೆ. 500ರ ಲಾಟ್‌ಗೆ ಒಂದು ಶಾಫ್ಟ್‌ನ ದರ 342 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ. ಪರ್ಚೇಸ್ ಆರ್ಡರ್ ಕೈಸೇರಿದ 12 ಕೆಲಸದ ದಿನಗಳಲ್ಲಿ 5 ಸ್ಯಾಂಪಲ್. ಅವು ಒಪ್ಪಿಗೆಯಾದ 18 ಕೆಲಸದ ದಿನಗಳಲ್ಲಿ ಪೂರ್ತಿ ಲಾಟ್. ಇಂಡಕ್ಷನ್ ಹಾರ್ಡನಿಂಗ್ ಹೊರಗೆ ಮಾಡಿಸುತ್ತೇವೆ, ಗಡಸುತನದ ವರದಿ ಪ್ರತಿ ಲಾಟ್ ಜೊತೆಗೆ ಬರುತ್ತದೆ. ಎರಡು ವಿಷಯ ಖಚಿತವಾಗಬೇಕು: ಕೀವೇ ಇರುವ ಭಾಗಕ್ಕೂ ಹಾರ್ಡನಿಂಗ್ ಬೇಕೇ? ಸಾಗಣೆ ನಿಮ್ಮದೋ, ನಮ್ಮದೋ? ಶುಕ್ರವಾರದೊಳಗೆ ತಿಳಿಸಿದರೆ ಸೋಮವಾರ ಕಚ್ಚಾವಸ್ತು ಕಾಯ್ದಿರಿಸುತ್ತೇವೆ.’

ಗಮನಿಸಿ, ದಿನಗಳ ಎಣಿಕೆ ಎಲ್ಲಿಂದ ಶುರುವಾಗುತ್ತದೆ ಎಂಬುದೂ ಇದರಲ್ಲಿದೆ. ‘ನಾಲ್ಕು ವಾರದಲ್ಲಿ ಡೆಲಿವರಿ’ ಎಂದು ಬರೆದು, ಅದು ಆರ್ಡರ್ ಬಂದ ದಿನದಿಂದಲೋ ಮುಂಗಡ ಬಂದ ದಿನದಿಂದಲೋ ಸ್ಯಾಂಪಲ್ ಒಪ್ಪಿದ ದಿನದಿಂದಲೋ ಎಂದು ಹೇಳದೆ ಬಿಟ್ಟ ಕಾರಣಕ್ಕೆ ಹಾಳಾದ ಸಂಬಂಧಗಳನ್ನು ಬಹಳ ಕಂಡಿದ್ದೇನೆ. ಕೊಟೇಶನ್‌ನಲ್ಲಿ ದರ ಎಷ್ಟು ದಿನ ಊರ್ಜಿತ, ಉಕ್ಕಿನ ಬೆಲೆಯನ್ನು ಯಾವ ದಿನಾಂಕದ್ದೆಂದು ಹಿಡಿದಿದ್ದೀರಿ, ಫಿಕ್ಸ್ಚರ್ (ಬಿಡಿಭಾಗವನ್ನು ಯಂತ್ರದಲ್ಲಿ ಹಿಡಿದಿಡುವ ಸಾಧನ) ಖರ್ಚು ದರದಲ್ಲಿ ಸೇರಿದೆಯೇ, ಹಣ ಎಷ್ಟು ದಿನದಲ್ಲಿ ಬರಬೇಕು ಎಂಬ ನಾಲ್ಕೂ ಇರಲೇಬೇಕು.

ಇಂಗ್ಲಿಷ್‌ನಲ್ಲಿ ಬರೆಯಬೇಕಾದಾಗ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ವಿಷಯ ಕನ್ನಡದಲ್ಲೇ ಸ್ಪಷ್ಟವಿಲ್ಲದಿದ್ದರೆ ಇಂಗ್ಲಿಷ್‌ನಲ್ಲಿ ಆಗುವುದಿಲ್ಲ. ಒಂದು ವಾಕ್ಯಕ್ಕೆ ಒಂದೇ ವಿಷಯ. ‘ದಯವಿಟ್ಟು ಅಗತ್ಯ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂಬ ಸವೆದ ವಾಕ್ಯದ ಬದಲು ಯಾವ ಕ್ರಮ, ಯಾವ ದಿನದೊಳಗೆ ಎಂದು ಹೇಳಿ. ಈಗ ಮೊಬೈಲ್‌ನಲ್ಲೇ ಅನುವಾದ ಮಾಡಿ ವ್ಯಾಕರಣ ತಿದ್ದುವ ಎಐ ಸಾಧನಗಳಿವೆ, ಧಾರಾಳವಾಗಿ ಬಳಸಿ. ಆದರೆ ಅಂಕಿ, ಘಟಕ, ದಿನಾಂಕಗಳನ್ನು ನೀವೇ ಕಣ್ಣಾರೆ ಪರಿಶೀಲಿಸಿ. ಗ್ರಾಹಕರ ಡ್ರಾಯಿಂಗ್ ಅನ್ನು ಮಾತ್ರ ಅಂಥ ಸಾಧನಗಳಿಗೆ ಏರಿಸಬೇಡಿ. ಅದು ಅವರ ಆಸ್ತಿ, ನೀವು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರುತ್ತೀರಿ.

ಹಂತ 4: ಫೋನ್ ಮತ್ತು ವಾಟ್ಸ್ಆ್ಯಪ್

ಇಲ್ಲಿ ಒಂದೇ ನಿಯಮ: ಬಾಯಲ್ಲಿ ಆಡಿದ್ದು ಬರಹಕ್ಕೆ ಬರಬೇಕು. ಫೋನ್ ಇಟ್ಟ ಹತ್ತು ನಿಮಿಷದೊಳಗೆ ‘ಈಗ ಮಾತಾಡಿದಂತೆ 200 ಶಾಫ್ಟ್ ಬುಧವಾರ, 300 ಶನಿವಾರ’ ಎಂದು ಎರಡು ಸಾಲು ಕಳಿಸಿ. ಡ್ರಾಯಿಂಗ್‌ನ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಅದನ್ನು ನೋಡಿ ಕೆಲಸ ಶುರು ಮಾಡಬೇಡಿ. ಚಿತ್ರ ಕುಗ್ಗಿ ಬರುವುದರಿಂದ 3 ಮತ್ತು 8ರ ನಡುವೆ ವ್ಯತ್ಯಾಸ ಕಾಣದೆ ಹೋಗಬಹುದು, ರಿವಿಷನ್ ಅಕ್ಷರ ಇರುವ ಮೂಲೆ ಕತ್ತರಿಸಿಹೋಗಿರಬಹುದು. ಪಿಡಿಎಫ್ ಇಮೇಲ್‌ನಲ್ಲಿ ತರಿಸಿಕೊಳ್ಳಿ, ‘ರಿವಿಷನ್ ಸಿ ಪ್ರಕಾರ ಮಾಡುತ್ತಿದ್ದೇವೆ, ಬಿ ರದ್ದು’ ಎಂದು ಉತ್ತರ ಬರೆಯಿರಿ.

ಹೊಸ ರಿವಿಷನ್ ನಿಮ್ಮ ಕಚೇರಿಗೆ ಬಂದರೆ ಸಾಲದು, ಅದು ಯಂತ್ರದ ಮುಂದೆ ನಿಂತವರಿಗೆ ಮುಟ್ಟಬೇಕು. ಇಂದು ನಮ್ಮ ಶಾಪ್ ಫ್ಲೋರ್‌ನಲ್ಲಿ ರಾಯಚೂರಿನವರು, ಒಡಿಶಾದವರು, ಬಿಹಾರದವರು ಒಟ್ಟಿಗೆ ನಿಂತು ಕೆಲಸ ಮಾಡುತ್ತಾರೆ. ಹಳೆಯ ಪ್ರತಿಯನ್ನು ಹರಿದು, ಬದಲಾದ ಅಳತೆಗೆ ಬಣ್ಣದ ವೃತ್ತ ಹಾಕಿದ ಹೊಸ ಪ್ರತಿಯನ್ನು ಯಂತ್ರದ ಪಕ್ಕ ತೂಗುಹಾಕಿ. ಆಪರೇಟರ್‌ಗೆ ‘ಅರ್ಥವಾಯಿತಾ?’ ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. ‘ಏನು ಬದಲಾಗಿದೆ, ತೋರಿಸಿ’ ಎನ್ನಿ.

ಹಂತ 5: ಕೆಟ್ಟ ಸುದ್ದಿ ಹೇಳುವುದು

ಇಡೀ ಬರಹದಲ್ಲಿ ಒಂದು ಭಾಗವನ್ನು ಮಾತ್ರ ಓದುತ್ತೀರಿ ಎಂದಾದರೆ ಇದನ್ನು ಓದಿ. ಎದುರಿನವರ ಮನಸ್ಸು ನೋಯಿಸಬಾರದು ಎಂದು ಬೆಳೆದವರು ನಾವು. ‘ಆಗುವುದಿಲ್ಲ’ ಎನ್ನಬೇಕಾದ ಕಡೆ ‘ನೋಡೋಣ’ ಎನ್ನುತ್ತೇವೆ. ಮನೆಯಲ್ಲಿ, ಊರಿನಲ್ಲಿ ಅದು ದೊಡ್ಡ ಗುಣ. ‘ನೋಡೋಣ’ ಎಂದರೆ ಇಲ್ಲವೆಂದೇ ಅರ್ಥ ಎಂದು ಅಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಖರೀದಿ ಅಧಿಕಾರಿ ಅದನ್ನು ಹೌದು ಎಂದು ತಿಳಿದು ತನ್ನ ಮೇಲಧಿಕಾರಿಗೆ ಮಾತು ಕೊಟ್ಟುಬಿಡುತ್ತಾನೆ. ಮುರಿದದ್ದು ಆಮೇಲೆ ನಿಮ್ಮ ಮಾತಲ್ಲ, ಅವನದು.

ತಡವಾಗುತ್ತದೆ ಎಂದು ನಿಮಗೆ ತಿಳಿದ ದಿನವೇ ಗ್ರಾಹಕರಿಗೂ ತಿಳಿಯಬೇಕು. ಮೂರು ದಿನ ಮುಂಚೆ ಗೊತ್ತಾದರೆ ಅವರು ಅಸೆಂಬ್ಲಿ ಲೈನ್‌ನಲ್ಲಿ ಬೇರೆ ಮಾದರಿಯನ್ನು ಮುಂದಕ್ಕೆ ತಂದುಕೊಳ್ಳುತ್ತಾರೆ. ಅದೇ ದಿನ ಬೆಳಿಗ್ಗೆ ಗೊತ್ತಾದರೆ ಲೈನ್ ನಿಲ್ಲುತ್ತದೆ, ಕೆಲಸಗಾರರು ಕೈಕಟ್ಟಿ ನಿಲ್ಲುತ್ತಾರೆ, ನಿಮ್ಮ ಹೆಸರು ಮ್ಯಾನೇಜರ್ ಕೋಣೆಯವರೆಗೂ ಹೋಗುತ್ತದೆ. ತಡವಾದ ಸರಕನ್ನು ಕ್ಷಮಿಸುವ ಗ್ರಾಹಕರು ತಡವಾದ ಸುದ್ದಿಯನ್ನು ಕ್ಷಮಿಸುವುದಿಲ್ಲ.

ಹೇಳುವ ರೀತಿ ಹೀಗೆ: ‘800ರಲ್ಲಿ 520 ಇಂದು ಸಂಜೆ ಹೊರಡುತ್ತಿವೆ. ಉಳಿದ 280 ಗುರುವಾರ, 14ರಂದು ನಿಮ್ಮ ಗೇಟ್ ತಲುಪುತ್ತವೆ. ಗ್ರೈಂಡಿಂಗ್ ಯಂತ್ರದ ಸ್ಪಿಂಡಲ್ ಬೇರಿಂಗ್ ಹೋಗಿದೆ; ಆ 280 ಅನ್ನು ಪಕ್ಕದ ಘಟಕದಲ್ಲಿ ಗ್ರೈಂಡ್ ಮಾಡಿಸುತ್ತಿದ್ದೇವೆ. ಬುಧವಾರ ಸಂಜೆ 5ಕ್ಕೆ ಸ್ಥಿತಿ ತಿಳಿಸುತ್ತೇನೆ.’ ಏನು ಸಿದ್ಧವಿದೆ ಎಂಬುದು ಮೊದಲು, ಹೊಸ ದಿನಾಂಕ ಆಮೇಲೆ, ಕಾರಣ ಒಂದೇ ಸಾಲಿನಲ್ಲಿ. ಕರೆಂಟ್ ಹೋಯಿತು, ಹಬ್ಬಕ್ಕೆ ಹುಡುಗರು ಊರಿಗೆ ಹೋದರು ಎಂಬ ವಿವರಣೆಯನ್ನು ಅರ್ಧ ಪುಟ ಬರೆಯಬೇಡಿ. ಹೊಸ ದಿನಾಂಕ ಕೊಡುವಾಗ ಎದುರಿನವರ ಕೋಪ ತಣಿಸಲು ಇನ್ನೊಂದು ಸುಳ್ಳು ದಿನಾಂಕ ಕೊಡಬೇಡಿ. ಎರಡನೆಯ ಸಲ ತಪ್ಪಿದ ದಿನಾಂಕ ಮೊದಲನೆಯದಕ್ಕಿಂತ ಹತ್ತು ಪಟ್ಟು ದುಬಾರಿ.

ರಿಜೆಕ್ಷನ್ ಬಂದಾಗ ಮೊದಲ ಉತ್ತರದಲ್ಲಿ ವಾದ ಬೇಡ. ಅವರ ಬಳಿ ಇರುವ ಸ್ಟಾಕ್, ದಾರಿಯಲ್ಲಿರುವ ಲಾಟ್, ನಿಮ್ಮ ಶೆಡ್‌ನಲ್ಲಿರುವ ಸರಕು ಈ ಮೂರನ್ನೂ ಯಾರು, ಯಾವಾಗ ವಿಂಗಡಿಸುತ್ತಾರೆ ಎಂದು ಹೇಳಿ. ಕಾರಣದ ಹುಡುಕಾಟ ಎರಡನೆಯ ಪತ್ರಕ್ಕಿರಲಿ. ಅಲ್ಲಿ ‘ಆಪರೇಟರ್ ತಪ್ಪು’ ಎಂದು ಬರೆದರೆ ಕಾರಣ ಹೇಳಿದಂತಾಗುವುದಿಲ್ಲ. ರಂಧ್ರ ಏಕೆ ಸಣ್ಣದಾಯಿತು? ಇನ್ಸರ್ಟ್ (ಕತ್ತರಿಸುವ ಅಲಗು) ಸವೆದಿತ್ತು. ಯಾರಿಗೂ ಏಕೆ ಗೊತ್ತಾಗಲಿಲ್ಲ? ನಡುವೆ ಯಾರೂ ಅಳೆಯಲಿಲ್ಲ. ಏಕೆ ಅಳೆಯಲಿಲ್ಲ? ರಂಧ್ರ ಅಳೆಯುವ ಪ್ಲಗ್ ಗೇಜ್ ಬೇರೆ ಯಂತ್ರದ ಬಳಿ ಇತ್ತು. ಈಗ ಬರೆಯಬಹುದು: ‘ಈ ಯಂತ್ರಕ್ಕೆ ಪ್ರತ್ಯೇಕ ಗೇಜ್ ಇಟ್ಟಿದ್ದೇವೆ, ಪ್ರತಿ 25 ಬಿಡಿಭಾಗಕ್ಕೊಮ್ಮೆ ಅಳೆದು ಹಾಳೆಯಲ್ಲಿ ಬರೆಯುತ್ತೇವೆ, ಹಾಳೆಯ ಫೋಟೋ ಲಗತ್ತಿಸಿದೆ.’ ದೊಡ್ಡ ಕಂಪನಿಗಳು 8ಡಿ ವರದಿ ಎಂದು ಕೇಳುವುದು ಹೆಚ್ಚುಕಡಿಮೆ ಇದನ್ನೇ, ಎಂಟು ಭಾಗಗಳಲ್ಲಿ.

ಮಾಡಲಾಗದ ಕೆಲಸ ಬಂದಾಗ ‘ಈ ಅಳತೆಯ ಗೇರ್ ನಮ್ಮಲ್ಲಿ ಆಗುವುದಿಲ್ಲ. ಇದನ್ನು ಚೆನ್ನಾಗಿ ಮಾಡುವ ಒಬ್ಬರನ್ನು ಬಲ್ಲೆ, ಅವರ ಸಂಪರ್ಕ ಕೊಡಲೇ?’ ಎನ್ನಿ. ಇಂಥ ಒಂದು ‘ಇಲ್ಲ’ದಿಂದ ನಿಮ್ಮ ಮುಂದಿನ ಹತ್ತು ‘ಹೌದು’ಗಳಿಗೆ ಬೆಲೆ ಬರುತ್ತದೆ.

ಹಂತ 6: ಬಾಕಿ ಹಣ ಕೇಳುವುದು

ಹಣ ಕೇಳುವಾಗ ಧ್ವನಿ ಸಣ್ಣದಾಗುತ್ತದೆ, ಅಥವಾ ಮೂರು ತಿಂಗಳು ನುಂಗಿಕೊಂಡ ಸಿಟ್ಟು ಒಮ್ಮೆಗೇ ಹೊರಬರುತ್ತದೆ. ಎರಡೂ ಬೇಡ. ಕಾನೂನು ತಿಳಿದಿದ್ದರೆ ಧ್ವನಿ ಸಮವಾಗಿರುತ್ತದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೆಯ ಕಲಮಿನ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೆ ಒಪ್ಪಿದ ದಿನದೊಳಗೆ, ಗರಿಷ್ಠ 45 ದಿನಗಳೊಳಗೆ ಹಣ ಬರಬೇಕು. ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು 16ನೆಯ ಕಲಮು ವಿಧಿಸುತ್ತದೆ. ಇದರ ಜೊತೆಗೆ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್) ನಿಯಮವು 2024–25ರ ತೆರಿಗೆ ನಿರ್ಧಾರಣಾ ವರ್ಷದಿಂದ ಜಾರಿಗೆ ಬಂತು: ಈ ಗಡುವಿನೊಳಗೆ ಕೊಡದ ಹಣವನ್ನು ಖರೀದಿದಾರರು, ಅದನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ಹಾಗಾಗಿ ಲೆಕ್ಕಪತ್ರ ವಿಭಾಗಕ್ಕೆ ನಿಮ್ಮ ಬಿಲ್ಲಿನ ಮೇಲೆ ಈಗ ತಾನಾಗಿಯೇ ಕಣ್ಣಿರುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಸಂಖ್ಯೆಯನ್ನು ಪ್ರತಿ ಇನ್‌ವಾಯ್ಸ್‌ನಲ್ಲಿ ಮುದ್ರಿಸಿ. ಗಡುವಿಗೆ ಒಂದು ವಾರ ಮುಂಚೆ ಇನ್‌ವಾಯ್ಸ್ ಸಂಖ್ಯೆ, ಮೊತ್ತ, ಸರಕು ಸ್ವೀಕೃತವಾದ ದಿನ, ಪಾವತಿಯ ದಿನ ಇಷ್ಟನ್ನೇ ಬರೆದು ನೆನಪಿನ ಪತ್ರ ಕಳಿಸಿ. ಖರೀದಿ ವಿಭಾಗಕ್ಕೆ ಮಾತ್ರವಲ್ಲ, ಲೆಕ್ಕಪತ್ರದವರಿಗೂ ಕಳಿಸಿ. ಬಹಳ ಸಲ ಬಿಲ್ ನಿಂತಿರುವುದು ಗುಣಮಟ್ಟ ವಿಭಾಗದ ಒಂದು ಸಹಿಗೆ. ‘ಹಣ ಯಾವಾಗ ಬರುತ್ತದೆ?’ ಎನ್ನುವುದಕ್ಕಿಂತ ‘ಬಿಲ್ ಈಗ ಯಾರ ಮೇಜಿನ ಮೇಲಿದೆ?’ ಎಂಬ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ. ಎಲ್ಲವೂ ವಿಫಲವಾದರೆ ಬಾಕಿ ಹಣದ ದೂರು ಕೇಳಲು ಎಂಎಸ್‌ಎಂಇ ಕಾಯ್ದೆಯಡಿ ರಚನೆಯಾದ ಫೆಸಿಲಿಟೇಶನ್ ಕೌನ್ಸಿಲ್ ಇದೆ. ಆ ಬಾಗಿಲು ತಟ್ಟಿದ ಮೇಲೆ ಆ ಗ್ರಾಹಕರು ಉಳಿಯುತ್ತಾರೆಯೇ ಎಂಬುದನ್ನು ಮೊದಲೇ ಯೋಚಿಸಿ.

ಹಂತ 7: ಇಪ್ಪತ್ತು ನಿಮಿಷದ ಪ್ರೆಸೆಂಟೇಶನ್

ದೊಡ್ಡ ಕಂಪನಿಯೊಂದು ವೆಂಡರ್ ಆಗಿ ಸೇರಿಸಿಕೊಳ್ಳುವ ಮುನ್ನ ಕರೆಯುತ್ತದೆ. ಮೇಜಿನ ಆಚೆ ಮೂವರು ಕುಳಿತಿರುತ್ತಾರೆ: ಖರೀದಿ, ಗುಣಮಟ್ಟ, ವಿನ್ಯಾಸ. ಮೊದಲನೆಯವರಿಗೆ ದರ ಮತ್ತು ದಿನಾಂಕದ ಚಿಂತೆ, ಎರಡನೆಯವರಿಗೆ ರಿಜೆಕ್ಷನ್‌ನದು, ಮೂರನೆಯವರಿಗೆ ತನ್ನ ಡ್ರಾಯಿಂಗ್ ಇವರಿಗೆ ಅರ್ಥವಾಗುತ್ತದೆಯೇ ಎಂಬುದು. ಮೂವರಿಗೂ ಉತ್ತರ ಸಿಗಬೇಕು.

ಇಂಥ ಸಭೆಗಳಲ್ಲಿ ನಮ್ಮವರ ಮೊದಲ ಐದು ಸ್ಲೈಡ್‌ಗಳು ಸಾಮಾನ್ಯವಾಗಿ ಸಂಸ್ಥಾಪಕರ ಭಾವಚಿತ್ರ, ದೀಪ ಬೆಳಗಿದ ಫೋಟೋ, ಧ್ಯೇಯವಾಕ್ಯ, ಯಂತ್ರಗಳ ಉದ್ದನೆಯ ಪಟ್ಟಿ. ಆ ದೀಪದ ಹಿಂದೆ ಎಷ್ಟು ವರ್ಷದ ಸಾಲ, ಎಷ್ಟು ರಾತ್ರಿಯ ದುಡಿಮೆ ಇದೆ ಎಂದು ನನಗೆ ಗೊತ್ತು. ಆದರೂ ಅದನ್ನು ಕೊನೆಗೆ ಇಡಿ. ಅವರ ಬಿಡಿಭಾಗದಿಂದ ಶುರು ಮಾಡಿ. ಆ ಬಗೆಯ ಶಾಫ್ಟ್ ಒಂದನ್ನು ಚೀಲದಲ್ಲಿ ಒಯ್ದು ಮೇಜಿನ ಮೇಲೆ ಇಟ್ಟು, ಕೈಗೆ ಕೊಡಿ. ಗುಣಮಟ್ಟದವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುವ ಅರ್ಧ ನಿಮಿಷಕ್ಕೆ ಯಾವ ಸ್ಲೈಡೂ ಸಾಟಿಯಲ್ಲ. ಸ್ಯಾಂಪಲ್ ನಿಮ್ಮದೇ ಇನ್ನೊಬ್ಬ ಗ್ರಾಹಕರದ್ದಾಗಿದ್ದರೆ ಅವರ ಅನುಮತಿ ಇಲ್ಲದೆ ಒಯ್ಯಬೇಡಿ. ಇಂದು ಅವರ ಗುಟ್ಟು ತೋರಿಸುವವರು ನಾಳೆ ನಮ್ಮದನ್ನೂ ತೋರಿಸುತ್ತಾರೆ ಎಂದು ಎದುರಿನವರು ಲೆಕ್ಕ ಹಾಕುತ್ತಾರೆ.

ಎಂಟು ಸ್ಲೈಡ್ ಸಾಕು. ಬಿಡಿಭಾಗದಲ್ಲಿ ಕಷ್ಟದ ಅಳತೆ ಯಾವುದು; ಅದನ್ನು ಹೇಗೆ ಹಿಡಿಯುತ್ತೇವೆ; ಯಾವ ಯಂತ್ರದಲ್ಲಿ; ಯಾವ ಉಪಕರಣದಿಂದ ಅಳೆಯುತ್ತೇವೆ, ಅದರ ಕ್ಯಾಲಿಬ್ರೇಶನ್ (ನಿಖರತೆಯ ಪರೀಕ್ಷೆ) ಯಾವ ದಿನಾಂಕದವರೆಗೆ ಇದೆ; ಹೊರಗೆ ಹೋಗುವ ಕೆಲಸ ಯಾವುದು; ಕಳೆದ ವರ್ಷದ ನಮ್ಮ ಡೆಲಿವರಿ ಮತ್ತು ರಿಜೆಕ್ಷನ್ ಅಂಕಿ; ತಿಂಗಳಿಗೆ ಖಾಲಿ ಇರುವ ಸಾಮರ್ಥ್ಯ; ಕೊನೆಗೆ ನಾವು ಯಾರು. ಅಂಕಿಗಳು ನಿಜವಾದವೇ ಆಗಿರಲಿ. ರಿಜೆಕ್ಷನ್ ಸೊನ್ನೆ ಎಂದು ತೋರಿಸಿದರೆ ಗುಣಮಟ್ಟದವರು ನಂಬುವುದಿಲ್ಲ; ಯಾವ ತಿಂಗಳು ಏಕೆ ಏರಿತು, ಹೇಗೆ ಇಳಿಸಿದಿರಿ ಎಂದು ಹೇಳಿದರೆ ನಂಬುತ್ತಾರೆ.

ಭಾಷೆಯ ಬಗ್ಗೆ. ಬೆಂಗಳೂರಿನ ಕಂಪನಿಗಳ ಸಭಾಕೋಣೆಯಲ್ಲಿ ತಮಿಳು, ಮರಾಠಿ, ತೆಲುಗು ಮನೆಮಾತಿನವರೂ ಇರುತ್ತಾರೆ, ಹಾಗಾಗಿ ಇಂಗ್ಲಿಷ್ ಬೇಕಾಗುತ್ತದೆ. ಸ್ಲೈಡ್‌ಗಳನ್ನು ಇಂಗ್ಲಿಷ್‌ನಲ್ಲಿ ಮಾಡಿಸಿ, ಮಾತನ್ನು ಚಿಕ್ಕ ವಾಕ್ಯಗಳಲ್ಲಿ ಆಡಿ. ಸಿಕ್ಕಿಬಿದ್ದಲ್ಲಿ ‘ಇದನ್ನು ಕನ್ನಡದಲ್ಲಿ ಹೇಳಲೇ?’ ಎಂದು ಕೇಳಿ. ಬಹುಪಾಲು ಮೇಜಿನಲ್ಲಿ ಕನ್ನಡ ಬಲ್ಲವರೊಬ್ಬರು ಇದ್ದೇ ಇರುತ್ತಾರೆ. ಇಂಗ್ಲಿಷ್ ಚೆನ್ನಾಗಿದೆ ಎಂದು ಕೆಲಸ ಗೊತ್ತಿಲ್ಲದ ಸಂಬಂಧಿಕರ ಮಗನನ್ನು ಮಾತಿಗೆ ನಿಲ್ಲಿಸಬೇಡಿ. ಎರಡನೆಯ ಪ್ರಶ್ನೆಗೇ ಅವನು ನಿಮ್ಮ ಮುಖ ನೋಡುತ್ತಾನೆ. ಯಂತ್ರ ಬಲ್ಲವರೇ ಮಾತಾಡಲಿ.

ಅಭ್ಯಾಸಕ್ಕೆ ಮೊಬೈಲ್ ಸಾಕು. ಎದ್ದು ನಿಂತು, ಗಟ್ಟಿಯಾಗಿ, ಪೂರ್ತಿ ಇಪ್ಪತ್ತು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ಮನಸ್ಸಿನಲ್ಲೇ ಓದಿಕೊಳ್ಳುವುದು ಅಭ್ಯಾಸವಲ್ಲ, ನಾಲಿಗೆಗೆ ದಾರಿ ಗೊತ್ತಾಗಬೇಕು. ಮೂರು ಸಲ ಮಾಡಿದರೆ ಹದಿನಾಲ್ಕು ನಿಮಿಷಕ್ಕೆ ಇಳಿಯುತ್ತದೆ. ಉಳಿದ ಆರು ನಿಮಿಷ ಪ್ರಶ್ನೆಗಳಿಗೆ ಬೇಕು. ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಪಿಡಿಎಫ್, ಎಚ್‌ಡಿಎಂಐ ಕೇಬಲ್, ನಾಲ್ಕು ಮುದ್ರಿತ ಪ್ರತಿ ಇರಲಿ. ಪ್ರೊಜೆಕ್ಟರ್ ಕೈಕೊಟ್ಟರೆ ಪ್ರತಿಗಳನ್ನು ಹಂಚಿ ಮುಂದುವರಿಸಿ.

ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ‘ಈಗ ಖಚಿತವಾಗಿ ಹೇಳಲಾರೆ, ಗುರುವಾರ ಸಂಜೆಯೊಳಗೆ ಬರೆದು ತಿಳಿಸುತ್ತೇನೆ’ ಎಂದು ಅವರೆದುರಿಗೇ ಡೈರಿಯಲ್ಲಿ ಬರೆದುಕೊಳ್ಳಿ. ಗುರುವಾರ ಮಧ್ಯಾಹ್ನವೇ ಉತ್ತರ ಹೋಗಲಿ. ಆ ಸಭೆಯ ನಿಜವಾದ ಪರೀಕ್ಷೆ ಅದೇ.

ಹಂತ 8: ಸಂಪರ್ಕ ಬೆಳೆಸುವುದು

ವಿಸಿಟಿಂಗ್ ಕಾರ್ಡ್ ಹಂಚುವುದಕ್ಕೆ ನಮ್ಮಲ್ಲಿ ನೆಟ್‌ವರ್ಕಿಂಗ್ ಎಂಬ ಹೆಸರು ಬಂದುಬಿಟ್ಟಿದೆ. ನನ್ನ ಮಟ್ಟಿಗೆ ಅದು ಪಕ್ಕದ ಶೆಡ್‌ನಿಂದ ಶುರುವಾಗುತ್ತದೆ. ನಿಮ್ಮ ಗ್ರೈಂಡಿಂಗ್ ಯಂತ್ರ ಕೆಟ್ಟ ರಾತ್ರಿ 280 ಶಾಫ್ಟ್ ಮಾಡಿಕೊಟ್ಟವರು ಯಾರು? ಹೀಟ್ ಟ್ರೀಟ್‌ಮೆಂಟ್‌ನವರು, ಉಕ್ಕಿನ ವ್ಯಾಪಾರಿ, ಗೇಜ್ ಕ್ಯಾಲಿಬ್ರೇಶನ್ ಮಾಡುವವರು, ಟೆಂಪೊ ಓಡಿಸುವವರು ದಿನಕ್ಕೆ ಹತ್ತು ಕಾರ್ಖಾನೆಯ ಒಳಗೆ ಹೋಗಿ ಬರುತ್ತಾರೆ. ಯಾರಿಗೆ ಹೊಸ ಆರ್ಡರ್ ಬಂದಿದೆ, ಯಾರು ವೆಂಡರ್ ಹುಡುಕುತ್ತಿದ್ದಾರೆ ಎಂಬುದು ಮೊದಲು ಗೊತ್ತಾಗುವುದು ಅವರಿಗೆ. ಅವರ ಬಿಲ್ ಸಮಯಕ್ಕೆ ಕೊಡಿ. ನನಗೆ ದೊರೆತ ಒಳ್ಳೆಯ ಗ್ರಾಹಕರಲ್ಲಿ ಹಲವರ ಸುಳಿವು ಬಂದದ್ದು ಗೆಳೆಯರಿಂದಲ್ಲ, ಹೀಗೆ ವರ್ಷಕ್ಕೆ ನಾಲ್ಕು ಸಲ ಮಾತಾಡುವವರಿಂದ.

ಆಮೇಲೆ ಸಂಘಗಳು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯಾಗಿ ಹುಟ್ಟಿದ್ದು ಇಂದಿನ ಎಫ್‌ಕೆಸಿಸಿಐ. ಸಣ್ಣ ಕೈಗಾರಿಕೆಗಳಿಗಾಗಿ 1949ರಿಂದ ಕಾಸಿಯಾ ಇದೆ. ಪೀಣ್ಯ ಕೈಗಾರಿಕಾ ಸಂಘ, ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ, ಮಂಗಳೂರಿನ ಕೆನರಾ ವಾಣಿಜ್ಯೋದ್ಯಮ ಸಂಸ್ಥೆ ಆಯಾ ಊರಿನವರಿಗೆ ಹತ್ತಿರ. ಮಹಿಳಾ ಉದ್ಯಮಿಗಳಿಗೆ 1983ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅವೇಕ್ ಇದೆ. ಗಂಡಸರೇ ತುಂಬಿದ ಸಭೆಗಳಲ್ಲಿ ಮಾತು ತಡವರಿಸುವ ಹೊಸಬರಿಗೆ ಅಲ್ಲಿ ಮೊದಲ ಅಭ್ಯಾಸ ಸಿಗುತ್ತದೆ. ಎಲ್ಲದಕ್ಕೂ ಸದಸ್ಯರಾಗಬೇಡಿ. ಒಂದಕ್ಕೆ ಸೇರಿ, ಅದರ ಯಾವುದಾದರೂ ಉಪಸಮಿತಿಯಲ್ಲಿ ಕೆಲಸ ಹೊತ್ತುಕೊಳ್ಳಿ. ರಸ್ತೆ ಗುಂಡಿಯ ಬಗ್ಗೆ, ವಿದ್ಯುತ್ ಕಡಿತದ ಬಗ್ಗೆ ಒಟ್ಟಿಗೆ ಮನವಿ ಬರೆದವರು ಒಬ್ಬರನ್ನೊಬ್ಬರು ಕಾರ್ಡ್ ಇಲ್ಲದೆ ನೆನಪಿಟ್ಟುಕೊಳ್ಳುತ್ತಾರೆ.

ನಮ್ಮ ಊರಿನವರು, ನಮ್ಮ ಜನ ಎಂಬ ಬಳಗದೊಳಗೇ ಉಳಿಯುವುದು ಸುಲಭ. ಮೊದಲ ಸಾಲಕ್ಕೆ, ಮೊದಲ ಶೆಡ್‌ಗೆ ಆ ಬಳಗವೇ ಆಸರೆ, ನಾನೂ ಅದರಿಂದಲೇ ನಿಂತವನು. ಆದರೆ ಅಲ್ಲಿ ಎಲ್ಲರಿಗೂ ಗೊತ್ತಿರುವುದು ಒಂದೇ ಸುದ್ದಿ. ಹೊಸ ಸುದ್ದಿ ಬೇಕಾದರೆ ಹೊಸಬರ ಪಕ್ಕ ಕುಳಿತು ಊಟ ಮಾಡಬೇಕು.

ಪ್ರದರ್ಶನಗಳಲ್ಲಿ ಮುಖ್ಯವಾದದ್ದು ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಜನವರಿಯಲ್ಲಿ ನಡೆಯುವ ಇಮ್‌ಟೆಕ್ಸ್ ಯಂತ್ರ ಪ್ರದರ್ಶನ. ಒಂದು ವರ್ಷ ಲೋಹ ಕತ್ತರಿಸುವ ಯಂತ್ರಗಳದ್ದು, ಮರುವರ್ಷ ಫಾರ್ಮಿಂಗ್ (ಲೋಹವನ್ನು ಒತ್ತಿ, ಬಾಗಿಸಿ ರೂಪ ಕೊಡುವ) ಯಂತ್ರಗಳದ್ದು. 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಓಡುವುದರಿಂದ ಪೀಣ್ಯದಿಂದ ಹೋಗುವುದು ಸುಲಭವಾಗಿದೆ. ಹೋಗುವ ಮುನ್ನ ಪ್ರದರ್ಶಕರ ಪಟ್ಟಿ ನೋಡಿ ಹತ್ತು ಮಳಿಗೆ ಆಯ್ದುಕೊಳ್ಳಿ. ಯಂತ್ರ ತಯಾರಕರೆಂದರೆ ಮಾರುವವರು ಮಾತ್ರವಲ್ಲ, ಅವರಿಗೂ ಶಾಫ್ಟ್, ಫ್ಲ್ಯಾಂಜ್, ಬುಷ್ ಬೇಕು. ‘ನಿಮ್ಮಲ್ಲಿ ಬಿಡಿಭಾಗಗಳ ಖರೀದಿ ಯಾರು ನೋಡಿಕೊಳ್ಳುತ್ತಾರೆ?’ ಎಂದು ಕೇಳಿ, ಎರಡನೆಯ ಹಂತದ ಮೂರು ವಾಕ್ಯ ಹೇಳಿ, ಅವರ ತೊಂದರೆ ಏನೆಂದು ಕೇಳಿಸಿಕೊಳ್ಳಿ. ಮಾತು ಮುಗಿದ ತಕ್ಷಣ ಅವರ ಕಾರ್ಡ್ ಹಿಂದೆ ದಿನಾಂಕ, ಏನು ಮಾತಾಯಿತು, ಏನು ಕಳಿಸುತ್ತೇನೆಂದಿರಿ ಎಂದು ಬರೆಯಿರಿ. ಸಂಜೆಗೆ ಅರವತ್ತು ಕಾರ್ಡ್ ಜೇಬಿನಲ್ಲಿದ್ದರೆ ಅರವತ್ತೂ ಒಂದೇ ಮುಖವಾಗಿ ಕಾಣುತ್ತವೆ.

ಎರಡು ದಿನದೊಳಗೆ ಬರೆಯಿರಿ: ‘ಶುಕ್ರವಾರ ನಿಮ್ಮ ಮಳಿಗೆಯಲ್ಲಿ ಮಾತಾಡಿದಾಗ 900 ಮಿಲಿಮೀಟರ್ ಶಾಫ್ಟ್ ಬಾಗುವ ತೊಂದರೆ ಹೇಳಿದ್ದಿರಿ. ನಾವು ಅಂಥದ್ದೇ ಉದ್ದದ ಶಾಫ್ಟ್‌ಗೆ ಮಾಡಿದ ವಿಧಾನದ ಒಂದು ಪುಟ ಲಗತ್ತಿಸಿದ್ದೇನೆ.’ ಆರ್ಡರ್ ಕೇಳಬೇಡಿ, ಉಪಯುಕ್ತವಾದದ್ದನ್ನು ಕೊಡಿ. ಉತ್ತರ ಬರದಿದ್ದರೆ ಒಂದು ತಿಂಗಳ ನಂತರ ಇನ್ನೊಮ್ಮೆ ಬರೆಯಿರಿ, ಆಗಲೂ ಬರದಿದ್ದರೆ ಆರು ತಿಂಗಳಿಗೊಮ್ಮೆ ಸಾಕು.

ಹಂತ 9: ಶನಿವಾರದ ಅರ್ಧ ಗಂಟೆ

ನನ್ನ ಮೇಜಿನಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇದೆ. ಯಾರಿಗೆ, ಯಾವ ಮಾತು, ಯಾವ ದಿನಕ್ಕೆ, ಆಯಿತೇ ಎಂಬ ನಾಲ್ಕು ಕಾಲಂ. ಶನಿವಾರ ಸಂಜೆ ಯಂತ್ರಗಳನ್ನು ಒರೆಸಿ ಹುಡುಗರು ಮನೆಗೆ ಹೊರಟ ಮೇಲೆ ಅದನ್ನು ತೆರೆಯುತ್ತೇನೆ. ಆ ವಾರ ಕೊಟ್ಟ ಮಾತುಗಳಲ್ಲಿ ಉಳಿದಿರುವುದಕ್ಕೆ ಸೋಮವಾರ ಬೆಳಿಗ್ಗೆ ಒಂಬತ್ತರೊಳಗೆ ಹೋಗಬೇಕಾದ ಸಂದೇಶಗಳನ್ನು ಆಗಲೇ ಬರೆದಿಡುತ್ತೇನೆ. ಮೊದಲ ತಿಂಗಳು ನಿಮ್ಮ ನಾಲ್ಕನೆಯ ಕಾಲಂ ಅರ್ಧ ಖಾಲಿ ಇರುತ್ತದೆ. ಗಾಬರಿಯಾಗಬೇಡಿ, ಕೊಡುವ ಮಾತುಗಳನ್ನು ಕಡಿಮೆ ಮಾಡಿ. ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಮತ್ತೆ ಇಪ್ಪತ್ತು ಇಮೇಲ್, ಇಪ್ಪತ್ತು ವಾಟ್ಸ್ಆ್ಯಪ್ ತೆರೆದು ರಿಜೆಕ್ಟ್ ಆದವನ್ನು ಎಣಿಸಿ. ಎರಡನೆಯ ಎಣಿಕೆಯಲ್ಲಿ ನನ್ನದು ಹನ್ನೊಂದಕ್ಕೆ ಇಳಿದಿತ್ತು.